ಚಿಗವ್ವನ ಚಿಮಣಿ ತಪಾಸಣೆ

ಮನುಷ್ಯರನ್ನೂ ಚಿಮಣಿಗಳ ಸಾಲಿಗೆ ಸೇರಿಸಿದ ಮೇಲೆ, ಊರವರ ಉಸಿರನ್ನು ವರ್ಷಕ್ಕೊಮ್ಮೆ ಅಳೆಯುವ ಕೆಲಸ ಈರಪ್ಪನ ಪಾಲಿಗೆ ಬಂತು. ಹೊಗೆ ಮಿತಿಮೀರಿದರೆ ಕಾರ್ಖಾನೆಗೆ ಬೀಗ, ಮನುಷ್ಯನಾದರೆ ಮೂಗು ಬಾಯಿಗೆ ಮೊಹರು. ಕಾನೂನಿಗೆ ಭೇದಭಾವವಿರಲಿಲ್ಲ.

ಇವತ್ತು ಸ್ಟೂಲಿನ ಮೇಲೆ ಕೂತವಳು ಅವನನ್ನು ಸಾಕಿದ ಚಿಗವ್ವ. ಕಳೆದ ವರ್ಷವೇ ಅವಳ ಉಸಿರಿನ ಧೂಳು ಮಿತಿಯ ಅಂಚಿನಲ್ಲಿತ್ತು. ಊದುವ ಕೊಳವೆ ಬಿಸಿಯಾಗಿದ್ದರೆ ಉಸಿರಿನ ಆವಿ ಆವಿಯಾಗಿಯೇ ಸೋಸುವ ಕಾಗದವನ್ನು ದಾಟಿ ಹೋಗುತ್ತದೆ. ತಣ್ಣಗಿದ್ದರೆ ನೀರಾಗಿ ಕಾಗದಕ್ಕೆ ಅಂಟುತ್ತದೆ, ಅದೂ ಧೂಳಿನ ಲೆಕ್ಕಕ್ಕೇ. ಮರುಪರೀಕ್ಷೆ ಇಲ್ಲ.

ಉಗುರುಬೆಚ್ಚಗಿದ್ದ ಕೊಳವೆ ಮುಟ್ಟಿ ನೋಡಿದ ಈರಪ್ಪ, "ಇನ್ನೊಂದೀಟು ಕಾಯಿಸ್ರಿ" ಎಂದು ಹೊಸ ಸಹಾಯಕಿ ಮಲ್ಲವ್ವನಿಗೆ ಹೇಳಿ ಕಾಗದ ತರಲು ಹೋದ.

ಬಂದವನೇ ಕೇಳಿದ: "ಕಾಯಿಸಿದ್ರೇನ್ರಿ?"

"ಹೂಂನ್ರಿ, ಚಲೋತ್ನಾಗಿ ಕಾಯಿಸೀನಿ."

"ಊದು ಚಿಗವ್ವಾ."

ಚಿಗವ್ವ ಎದೆ ತುಂಬಿ ಊದಿದಳು. ಕಾಗದ ತೊಯ್ದು ತೊಪ್ಪೆಯಾಯಿತು, ಮಾಪಕದ ಮುಳ್ಳು ಕೆಂಪು ಗೆರೆ ದಾಟಿತು. ಈರಪ್ಪ ಕೊಳವೆ ಮುಟ್ಟಿದ. ತಣ್ಣಗಿತ್ತು.

"ಅಲ್ರೀ, ಮುದುಕಿನ್ನ ಕಾಯಿಸು ಅಂದ್ರಿ ಅಂತ ತಿಳಕೊಂಡೆ! ಸುಮ್ನ ಕರೆಂಟ್ ಯಾಕ ಅಂತ ಸ್ವಿಚ್ ಆರಿಸಿ ಆಕಿ ಜೋಡಿ ಮಾತಾಡ್ಕೋತ ಕೂತಿದ್ದೆ," ಎಂದು ಮಲ್ಲವ್ವ ಅಳತೊಡಗಿದಳು.

ಕನ್ನಡದ ತಪ್ಪಿಗೆ ಕಾನೂನಿನಲ್ಲಿ ಕಲಮು ಇರಲಿಲ್ಲ. ಈರಪ್ಪ ಮೊಹರಿನ ಡಬ್ಬಿ ತೆರೆದ.

"ಅಳಬ್ಯಾಡವ್ವಾ," ಎಂದಳು ಚಿಗವ್ವ. "ನಾಳಿಗೆ ನಿನ್ನ ಪಾಳಿ ಐತಿ. ಉಸಿರಿನಾಗ ನೀರು ಕೂಡಿದ್ರ ನಿನ್ನೂ ಮುಚ್ತಾರ." ಆಮೇಲೆ ಸೆರಗು ಸರಿಸಿ ಈರಪ್ಪನ ಕಡೆ ಮುಖವೆತ್ತಿದಳು. "ಮೊದಲ ಮೂಗಿಗೆ ಹಚ್ಚಪಾ. ಬಾಯಿ ಕಡೀಗಿರ್ಲಿ, ಈ ಹುಡುಗಿಗೆ ಇನ್ನೂ ಸಮಾಧಾನ ಹೇಳೂದೈತಿ."