ಸುತ್ತಿಗೆಯ ಹಿಡಿ

ಅವಳು ಎದುರುಮನೆಯ ಬಾಗಿಲು ತಟ್ಟಿದ್ದೇ ತಡ, ಒಳಗಿನ ರೇಡಿಯೊ ನಿಂತಿತು. ಎದೆನೋವಿನಿಂದ ಹೋದ ಗಂಡನ ಮಣ್ಣು ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಗಂಡನ ಗೆಳೆಯನಾಗಿದ್ದ ಈ ಮನೆಯ ಬಡಗಿ ಮಣ್ಣಿಗೆ ಬಂದಿರಲಿಲ್ಲ. ಚುನಾವಣೆ ಗೆದ್ದ ದಿನ ಅವಳ ಗಂಡನ ಪಕ್ಷದವರೇ ಬಂದು, ಬಡಗಿ ಎದುರು ಪಕ್ಷದವನೆಂದು ಮನೆಯ ಕಿಟಕಿ ಗಾಜನ್ನೆಲ್ಲ ಒಡೆದುಹೋಗಿದ್ದರು.

ಗಾಜಿನ ಜಾಗಕ್ಕೆ ಹೊಡೆದಿದ್ದ ರಟ್ಟು ಒಂದಿಷ್ಟು ಸರಿದು ಬಡಗಿಯ ದನಿ ಬಂತು. "ಇನ್ನೇನು ಉಳಿದಿದೆ ತಂಗಿ, ಒಡೆಯೋಕೆ? ಒಳಗೆ ಮಕ್ಕಳಿದ್ದಾರೆ, ಹೋಗಮ್ಮ."

ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ತನ್ನ ಕೈ ನೋಡಿಕೊಂಡಳು. ಸುತ್ತಿಗೆಯಿಂದಲೇ ಬಾಗಿಲು ತಟ್ಟಿದ್ದಳು.

"ಅಣ್ಣ, ಇದು ನಿಮ್ಮದೇ. ಪಕ್ಷದ ಬೋರ್ಡು ಹೊಡೆಯೋಕೆ ಅವರು ಇಸ್ಕೊಂಡಿದ್ದು."

"ಗೊತ್ತು. ನನ್ನ ಸುತ್ತಿಗೇಲಿ ಹೊಡೆದ ಬೋರ್ಡು ಗೆಲ್ಲೋದುಂಟಾ ಅಂತ ನಗಾಡಿದ್ದೆ." ರಟ್ಟು ಇನ್ನಷ್ಟು ಸರಿಯಿತು. "ಗಾಜು ಒಡೆದಾಗ ಅವನೆಲ್ಲಿದ್ದ?"

ಸುಳ್ಳು ಹೇಳುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಮನೇಲೇ. ಬಾಗಿಲು ಹಾಕ್ಕೊಂಡು ಕೂತಿದ್ರು. ನಾನೂ ಕೂತಿದ್ದೆ."

ಅವಳು ಸುತ್ತಿಗೆಯನ್ನು ತಿರುಗಿಸಿದಳು. ಕಬ್ಬಿಣದ ಕಡೆಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, ಹಿಡಿಯನ್ನು ರಟ್ಟಿನ ಸಂದಿಯತ್ತ ಚಾಚಿ ನಿಂತಳು. ತೋಳು ಸೋತುಬಂತು. ಆಗ ಚಿಲಕ ಸರಿದ ಸದ್ದಾಯಿತು.