ಮಂಜು ದಾಟುವ ಹೆಸರು

ಮಾಗಿಯ ಒಂದು ಮುಂಜಾನೆ ಕಡಲಬದಿಯ ಊರಿನ ಮೇಲೆ ಇಳಿದ ಮಂಜು ಮತ್ತೆ ಏಳಲೇ ಇಲ್ಲ. ಅಂದಿನಿಂದ ಹೊರಗೆ ಹೋದವರ ಕಾಲು ಮನೆಯತ್ತ ತಿರುಗುವುದು ತಮ್ಮ ಪೂರ್ತಿ ಹೆಸರು ಕಿವಿಗೆ ಬಿದ್ದರೆ ಮಾತ್ರ. ಮುಸ್ಸಂಜೆಗೆ ಮನೆಮನೆಯ ಹೊಸ್ತಿಲಲ್ಲಿ ಒಬ್ಬರು ನಿಂತು ಕೂಗುತ್ತಾರೆ. ತ್ಯಾಂಪಣ್ಣ ರೈಗಳನ್ನು ಒಂದೇ ಉಸಿರಿಗೆ ಕೂಗಿ ಕರೆಯುತ್ತಿದ್ದವರು ಅವರ ಹೆಂಡತಿ. ಆಕೆ ತೀರಿದ ಮೇಲೆ ಅವರು ಅಂಗಳ ದಾಟಿದವರಲ್ಲ.

ಈಗ ಮನೆಯಲ್ಲಿ ಉಳಿದದ್ದು ಗಂಡನನ್ನು ಕಳೆದುಕೊಂಡ ಸೊಸೆ ವಾರಿಜ, ತೊಟ್ಟಿಲಲ್ಲಿ ಹೆಸರಿಡದ ಮೊಮ್ಮಗಳು. ವಾರಿಜಳದು ಗುಬ್ಬಿಯ ಸ್ವರ.

"ಮಂದಾಕಿನಿ ಅಂತ ಇಡುವ ಮಾವ, ಚಂದ ಉಂಟು."

"ಚಂದ ಉಂಟು ಮಾರಾಯ್ತಿ, ನಿನ್ನ ಉಸಿರು ಅರ್ಧಕ್ಕೇ ಮುಗಿದೀತು. ಹಿರಿಯರು ಮನೆತನಕ್ಕೆ ರೈ ಅಂತ ಒಂದೇ ಅಕ್ಷರ ಬಿಟ್ಟು ಹೋಗಿದ್ದಾರೆ. ಅದಕ್ಕೆ ತಕ್ಕ ಹಾಗೆ ಇಳಾ ಅಂತ ಇಡು."

"ಇಳಾ ರೈ! ಸೀನಿದ ಹಾಗೆ ಆಯ್ತಲ್ಲ!" ವಾರಿಜ ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು, "ಅದಾದರೂ ನನ್ನ ಸ್ವರದಲ್ಲಿ ಕಡಲಿನವರೆಗೆ ಮುಟ್ಟುತ್ತದಾ?"

"ಕೇಳಿ ನೋಡದೆ ಹೇಳಲಿಕ್ಕಾಗ್ತದಾ?" ಎಂದು ರೈಗಳು ದೇವರ ಕೋಣೆಯ ಜಾಗಟೆ ಎತ್ತಿಕೊಂಡರು. "ಕೇಳಿದಲ್ಲೆಲ್ಲ ಬಡೀತೇನೆ."

"ಆಮೇಲೆ ನಿಮ್ಮನ್ನು ಕರೆಯುವುದು ಯಾರು ಮಾವ?"

"ನೀನು ಮಗುವನ್ನು ಕರೆ."

ರೈಗಳು ಅಂಗಳ ದಾಟಿ ಮಂಜಿಗಿಳಿದರು. ವಾರಿಜ ಹೊಸ್ತಿಲಲ್ಲಿ ನಿಂತು "ಇಳಾ ರೈ" ಎಂದು ಕೂಗಿದಳು. ಬಾವಿಕಟ್ಟೆಯಲ್ಲಿ ಜಾಗಟೆ ಬಡಿಯಿತು. ಮತ್ತೆ ಕೂಗಿದಳು, ಮರಳಿನ ದಿಬ್ಬದಲ್ಲಿ ಬಡಿಯಿತು. ಕೊನೆಗೆ ದೋಣಿಗಳು ನಿಲ್ಲುವ ಕಡೆಯಿಂದಲೂ ಸಣ್ಣಗೆ ಕೇಳಿತು.

ಆಗ ಅವಳು ಎದೆ ತುಂಬ ಉಸಿರೆಳೆದು "ತ್ಯಾಂಪಣ್ಣ ರೈ" ಎಂದು ಕೂಗಿದಳು. ಜಾಗಟೆ ಬಡಿಯಲಿಲ್ಲ. ಗಂಟಲು ಕಟ್ಟುವವರೆಗೂ ಕೂಗಿದಳು.

ಮಗುವಿಗೆ ಇಳಾ ಎಂದೇ ಹೆಸರಾಯಿತು. ಜಾಗಟೆ ಹಿಡಿದು ಹೋದ ತ್ಯಾಂಪಣ್ಣ ರೈಗಳು ಮರಳಲಿಲ್ಲ.