ಆಕಾಶಕ್ಕೆ ಹೋದ ನಾಯಿಯ ಹಾಡು

“ಸುಳ್ಳ ಹೇಳಬ್ಯಾಡ್ರಿ. ಎಲ್ಲಾ ಪ್ಲೇಟೂ ಒಬ್ಬಾಂವನ ಒಯ್ದಾನ?”

ಗದಗಿನ ಗ್ರಾಮಫೋನ್ ಅಂಗಡಿಯಲ್ಲಿ ಸಕ್ಕೂಬಾಯಿ ನಂಬದೆ ನಿಂತಿದ್ದಳು. ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದವಳು. ಕಂಪನಿ ಮುಚ್ಚಿದ ಮೇಲೆ ಹಾಡಿದ್ದು ಒಂದೇ ರೆಕಾರ್ಡು, ರಷ್ಯಾದವರು ಆಕಾಶಕ್ಕೆ ಹಾರಿಸಿದ ನಾಯಿಯ ಮೇಲೆ. ಹೋದ ವರ್ಷ, ಐವತ್ತೆಂಟರಲ್ಲಿ, ಅದು ಹೊರಬಂದಾಗ ಅವಳೂರು ರೋಣದ ಪೇಟೆಯೆಲ್ಲ ನಕ್ಕಿತ್ತು. ದೇವರ ಹಾಡು ಬಿಟ್ಟು ನಾಯಿಯ ಹಾಡು ಹಾಡಿದಳಂತೆ! ಎದುರಿಗೇ ಬೊಗಳಿ ತೋರಿಸಿದವರೂ ಇದ್ದರು. ಅವಳ ಬಳಿಯಿದ್ದ ಆ ರೆಕಾರ್ಡಿನ ಒಂದೇ ಪ್ಲೇಟನ್ನು ಅಣ್ಣ ಕನಕಪ್ಪ ಸಿಟ್ಟಿನಲ್ಲಿ ಒಡೆದುಹಾಕಿದ್ದ. ಇನ್ನೊಂದನ್ನು ಕೇಳಿಕೊಂಡು ಅವಳು ಗದಗಿಗೆ ಬಂದಿದ್ದಳು.

“ಖರೇನ ರೀ,” ಎಂದ ಅಂಗಡಿಯವನು. “ಬ್ಯಾರೆ ಊರಾಗ ಮಾರದ ಹೊಳ್ಳಿ ಬಂದವೂ ಇಲ್ಲೇ ಇದ್ವು. ಗಜೇಂದ್ರಗಡದ ಮದರಸಾಬ ಬಂದಾ, ಒಂದನ್ನ ಉಗುರಿಲೆ ಬಡದು ನೋಡಿದಾ. ಹಚ್ಚಿ ಕೇಳಸ್ಲೇನು ಅಂದ್ರ, ಬ್ಯಾಡ ಅಂದಾ. ಪೆಟಿಗಿನ ಹೊತಗೊಂಡು ಹೋದಾ. ಇಂಥಾವು ಮತ್ತ ಬಂದ್ರ ತೆಗದಿಡ್ರಿ ಅಂದಾನ.”

ಕೇಳದೆಯೇ ಒಯ್ದನೆಂದರೆ ಹಾಡು ಅವನಿಗೆ ಮೊದಲೇ ಗೊತ್ತಿರಬೇಕು. ಸಕ್ಕೂಬಾಯಿಯ ಕಣ್ಣು ತುಂಬಿತು. ಎರಡನೆಯ ರೆಕಾರ್ಡಿಗೆ ಕರೆಯಿರೆಂದು ಕಾಡಿದಾಗೆಲ್ಲ ರೆಕಾರ್ಡಿನವರದು ಒಂದೇ ಮಾತು: ನಿನ್ನ ಹಾಡು ಕೇಳುವವರು ಯಾರಿದ್ದಾರೆ, ತೋರಿಸು. ಈಗ ಒಬ್ಬ ಸಿಕ್ಕಿದ್ದ. ಅವನಿಂದ ಎರಡು ಒಳ್ಳೆಯ ಮಾತು ಹೇಳಿಸಿದರೆ ಅವಳು ಮತ್ತೆ ಹಾಡಬಹುದಿತ್ತು.

ಮರುದಿನವೇ ಗಜೇಂದ್ರಗಡದ ಬಸ್ಸು ಹತ್ತಿದಳು. ಅಭಿಮಾನಿಯ ಮನೆಗೆ ಬೋಳು ಕೈಯಲ್ಲಿ ಹೋಗುವುದೇ? ಇಳಿದವಳೇ ಬುಟ್ಟಿಯಿಟ್ಟು ಕೂತಿದ್ದ ಹೆಂಗಸಿನಿಂದ ಅರಗಿನ ಬಳೆ ಇಡಿಸಿಕೊಂಡಳು. ಕಪ್ಪು ಬಳೆ, ಮೇಲೆ ಚುಕ್ಕೆಗಳಂತೆ ಹೊಳೆಯುವ ಕನ್ನಡಿ ಚೂರು. ಮದರಸಾಬನ ಮನೆ ಎಲ್ಲಿ ಎಂದು ಕೇಳಿದ್ದಕ್ಕೆ ಆ ಹೆಂಗಸು ನಕ್ಕು ದಾರಿ ತೋರಿಸಿದಳು.

ಅವನ ಪಡಸಾಲೆಯ ಗೋಡೆ ನೋಡಿ ಸಕ್ಕೂಬಾಯಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಪ್ಲೇಟಿನ ನಡುವಿನ ದುಂಡನೆಯ ಕೆಂಪು ಚೀಟಿಗಳನ್ನು ಗೋಡೆಯುದ್ದಕ್ಕೂ ಅಂಟಿಸಿದ್ದರು. ಒಂದೊಂದರ ಮೇಲೂ ಅವಳದೇ ಹೆಸರು. ರೋಣದವರು ಬಂದು ಇದನ್ನು ನೋಡಬೇಕಿತ್ತು!

“ಮಕ್ಕಳು ಹಚ್ಯಾವ್ರಿ, ಚಂದ ಅದಾವಂತ,” ಎಂದ ಮದರಸಾಬ. ಇದ್ದಿಲ ಒಲೆಯ ಮುಂದೆ ಇಕ್ಕಳ ಹಿಡಿದು ಕೂತಿದ್ದ ಮುದುಕ.

“ಆ ಹೆಸರು ನಂದ ರೀ, ಸಾಹೇಬ್ರ. ಹಾಡಿದಾಕಿ ನಾನ. ಒಮ್ಮಿ ಹಚ್ಚರಿ, ಇಬ್ಬರೂ ಕೂಡಿ ಕೇಳೋಣು. ನಾ ಕೇಳಿ ಭಾಳ ದಿನಾ ಆತು.”

ಮುದುಕ ಇಕ್ಕಳ ಕೆಳಗಿಟ್ಟ. ಅವಳ ಕೈಯನ್ನೊಮ್ಮೆ ನೋಡಿ ಮುಖ ಸಣ್ಣದು ಮಾಡಿಕೊಂಡ.

“ತಪ್ಪ ತಿಳಕೋಬ್ಯಾಡ್ರಿ, ಬಾಯಾರ. ನಮ್ಮನ್ಯಾಗ ಗ್ರಾಮಫೋನ ಇಲ್ಲ. ಆ ಪ್ಲೇಟಿನ ಅರಗು ಭಾಳ ಚಲೋ ಇತ್ತು, ಎಲ್ಲಾ ಕರಗಿಸಿ ಬಳಿ ಮಾಡಿದ್ವಿ. ಕಡೀ ಪ್ಲೇಟು ನಿಮ್ಮ ಕೈಯಾಗ ಐತಿ.”